ಹೊಸ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಯಾವ ಆಟವೂ ಹೆಚ್ಚು ಹೊತ್ತು ನಡೆಯುತ್ತಿಲ್ಲ, ವಿಂಡೋಸ್ ಮತ್ತೆ ಹಾಕಬೇಕೇ?

ಬೇಡ, ಇನ್ನೂ ವಿಂಡೋಸ್‌ಗೆ ಕೈ ಹಾಕಬೇಡಿ. ಮೂರು ವಾರದ ಲ್ಯಾಪ್‌ಟಾಪ್, ಯಾವ ಆಟ ಹಾಕಿದರೂ ಹದಿನೈದಿಪ್ಪತ್ತು ನಿಮಿಷಕ್ಕೆ ತಾನೇ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸುತ್ತದೆ, ಅಂಗಡಿಯವರು ‘ಬಿಸಿಯಾಗುತ್ತಿರಬೇಕು, ಕೂಲಿಂಗ್ ಪ್ಯಾಡ್ ತೆಗೆದುಕೊಳ್ಳಿ’ ಎಂದರು ಎಂದು ಬರೆದಿದ್ದೀರಿ. ಕೂಲಿಂಗ್ ಪ್ಯಾಡ್ ಮಾರುವವರ ಕಣ್ಣಿಗೆ ಎಲ್ಲ ರೋಗವೂ ಉಷ್ಣದ್ದೇ.

ಬಿಸಿ ಹೆಚ್ಚಾದರೆ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ತಡವರಿಸುತ್ತದೆ, ಫ್ಯಾನ್ ಹುಯಿಲೆಬ್ಬಿಸುತ್ತದೆ. ಅದನ್ನೂ ಮೀರಿದರೆ ಇಡೀ ಯಂತ್ರವೇ ಪಕ್ಕನೆ ಆರಿಹೋಗುತ್ತದೆ. ವಿಂಡೋಸ್ ಆರಾಮವಾಗಿ ನಡೆಯುತ್ತಿದ್ದು ಆಟ ಮಾತ್ರ ಸತ್ತರೆ ನಾನು ಬಿಸಿಯನ್ನು ಕೊನೆಗೆ ಅನುಮಾನಿಸುತ್ತೇನೆ. ಆಡುವಾಗ ಪ್ರೊಸೆಸರ್ 95 ಡಿಗ್ರಿ ತೋರಿಸಿತೆಂದು ಗಾಬರಿಯಾಗಬೇಡಿ. ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಬಹಳಷ್ಟರ ಮಿತಿ 100ರ ಆಸುಪಾಸು.

ಆಟ ಹೇಗೆ ಸಾಯುತ್ತಿದೆ ಎಂಬುದನ್ನು ಮೊದಲು ನೋಡಿ. ಸ್ಟಾರ್ಟ್ ಒತ್ತಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ದಿನವಾರು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಆಟ ಬಿದ್ದ ದಿನ ಕೆಂಪು ಗುರುತು ಇರುತ್ತದೆ. ಅಲ್ಲಿ ‘ಲೈವ್‌ಕರ್ನಲ್‌ಇವೆಂಟ್’ ಎಂದಿದ್ದು 141 ಅಥವಾ 117 ಎಂಬ ಸಂಖ್ಯೆ ಇದ್ದರೆ ಗ್ರಾಫಿಕ್ಸ್ ಕಡೆ ನೋಡಬೇಕು. ಅಗತ್ಯವಿದ್ದಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ವಿಂಡೋಸ್ ಶುರು ಮಾಡಿ, ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶ) ಪೂರ್ತಿ ತೆಗೆದು, ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿರುವುದನ್ನು ಹಾಕಿ ನೋಡಿ. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡರೆ ಅದನ್ನೇ ರೋಗವೆಂದುಕೊಳ್ಳಬೇಡಿ. ವಿಂಡೋಸ್ ಸರಿಯಾಗಿ ಮುಚ್ಚಲಿಲ್ಲ ಎನ್ನುವುದಷ್ಟೇ ಅದರ ಅರ್ಥ. ಮರಣ ನೋಂದಣಿ ಪುಸ್ತಕದಲ್ಲಿ ಹೆಸರಿದೆ, ಕಾರಣದ ಕಾಲಂ ಖಾಲಿ. ಆಗ ಚಾರ್ಜರ್ ಯಾವುದೆಂದು ನೋಡಿ. ಡಬ್ಬಿಯಲ್ಲಿ ಬಂದ ಇಟ್ಟಿಗೆಯಂಥ ಚಾರ್ಜರನ್ನು ಬಿಟ್ಟು ಶಕ್ತಿ ಸಾಲದ 65 ವಾಟ್‌ನ ಟೈಪ್-ಸಿ ಹಾಕಿಕೊಂಡು ಆಡುವವರನ್ನು ಕಂಡಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಮಾತು: ‘ಪ್ರತಿ ಸಲವೂ ಬೇರೆ ಬೇರೆ ದೋಷ ತೋರಿಸುತ್ತದೆ.’ ನನ್ನದೂ ಇದೇ ಕಥೆಯಾಗಿತ್ತು. ಒಂದು ಆಟ ‘ಆಕ್ಸೆಸ್ ವಯಲೇಷನ್’ ಎನ್ನುತ್ತಿತ್ತು, ಇನ್ನೊಂದು ಏನೂ ಹೇಳದೆ ಮಾಯವಾಗುತ್ತಿತ್ತು. ಎರಡು ಬಾರಿ ವಿಂಡೋಸ್ ಹಾಕಿದೆ, ನೂರು ಜಿಬಿಯ ಆಟವನ್ನು ಎರಡು ಬಾರಿ ಇಳಿಸಿದೆ, ಮನೆಯವರಿಂದ ಬೈಸಿಕೊಂಡೆ. ಕೊನೆಗೆ ಸುಳಿವು ಕೊಟ್ಟದ್ದು ಆಟವಲ್ಲ, ಮದುವೆ ಫೋಟೋಗಳ ಒಂದು ಜಿಪ್ ಕಡತ. ಬಿಡಿಸಲು ಹೋದರೆ ಸಿಆರ್‌ಸಿ (ಕಡತ ಸರಿಯಿದೆಯೇ ಎಂದು ತಾಳೆ ನೋಡುವ ಲೆಕ್ಕ) ದೋಷ, ಮತ್ತೆ ಪ್ರಯತ್ನಿಸಿದರೆ ಸರಿ. ಸ್ಟೀಮ್‌ನಲ್ಲಿ ಆಟದ ಕಡತಗಳನ್ನು ಪರೀಕ್ಷಿಸಿದರೆ ಇಂದು ಒಂದು ಕಡತ ಕೆಟ್ಟಿದೆ ಎನ್ನುತ್ತಿತ್ತು, ನಾಳೆ ಅದು ಸರಿ, ಇನ್ನೊಂದು ಕೆಟ್ಟಿದೆ. ಡಿಸ್ಕ್‌ನಲ್ಲಿ ಕಡತವೇ ಕೆಟ್ಟಿದ್ದರೆ ಪ್ರತಿ ಸಲವೂ ಅದೇ ಕೆಟ್ಟಿರಬೇಕಲ್ಲವೇ? ಡಿಸ್ಕ್‌ನಿಂದ ಓದಿದ್ದೆಲ್ಲ ತಾತ್ಕಾಲಿಕ ನೆನಪಾದ ರ‍್ಯಾಮ್ ಮೂಲಕವೇ ಹಾದು ಬರುವುದರಿಂದ ಅಲ್ಲಿ ಒಂದು ಬಿಟ್ ತಿರುಗಿದರೂ ಲೆಕ್ಕ ತಪ್ಪುತ್ತದೆ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಮೊದಲ ಎರಡು ಸುತ್ತು ಶುದ್ಧ, ಬೆಳಗ್ಗೆ ನೋಡಿದರೆ ಮೂರನೆಯದರಲ್ಲಿ ಕೆಂಪು ಸಾಲುಗಳು. ಇದ್ದದ್ದು 8 ಜಿಬಿಯ ಎರಡು ರ‍್ಯಾಮ್ ಪಟ್ಟಿ. ಒಂದನ್ನು ತೆಗೆದು ಆಡಿದೆ, ಮೂರು ಗಂಟೆ ಏನೂ ಆಗಲಿಲ್ಲ. ಉಳಿದಿದ್ದನ್ನು ತೆಗೆದು ಮೊದಲು ತೆಗೆದದ್ದನ್ನು ಅದೇ ಜಾಗದಲ್ಲಿ ಹಾಕಿದೆ, ಹನ್ನೆರಡು ನಿಮಿಷಕ್ಕೆ ಆಟ ಬಿತ್ತು. ಸರ್ವಿಸ್ ಸೆಂಟರ್‌ನಲ್ಲಿ ‘ವಿಂಡೋಸ್ ರೀಸೆಟ್ ಮಾಡಿ ಕೊಡುತ್ತೇವೆ’ ಎಂದು ಶುರು ಮಾಡಿದವರು ಆ ಕೆಂಪು ಪರದೆಯ ಫೋಟೋ ನೋಡಿದ ಮೇಲೆ ಸುಮ್ಮನೆ ಪಟ್ಟಿ ಬದಲಾಯಿಸಿದರು.

ನೀವು ಹಿಂಬದಿ ಬಿಚ್ಚಲು ಹೋಗಬೇಡಿ. ಕೆಲವು ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ವಾರಂಟಿಯ ತಕರಾರೂ ಏಳಬಹುದು. ಮೆಮ್‌ಟೆಸ್ಟ್ ಓಡಿಸಿ, ಕೆಂಪು ಸಾಲು ಬಂದರೆ ಅದರ ಫೋಟೋ ಸಾಕು. ಪರೀಕ್ಷೆಗೆ ಮೊದಲು ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಇದೆಯೇ ನೋಡಿ, ರ‍್ಯಾಮ್ ಹೊಂದಾಣಿಕೆಯ ತೊಡಕು ಕೆಲವೊಮ್ಮೆ ಅದರಿಂದಲೇ ಹೋಗುತ್ತದೆ. ಆದರೆ ಒಂದು ಬಾರಿಗೆ ಒಂದೇ ಬದಲಾವಣೆ, ನಂತರ ಒಂದು ಗಂಟೆ ಆಟ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಇಂಟೆಲ್‌ನ 13, 14ನೇ ತಲೆಮಾರಿನ ಚಿಪ್‌ಗಳೇ ಕೆಟ್ಟವು ಎಂಬ ವಿಡಿಯೊ ನೋಡಿ ಹೆದರಿದ್ದೀರಿ. ಹೆಚ್ಚಿನ ವೋಲ್ಟೇಜ್‌ನ ಆ ತೊಂದರೆ ಡೆಸ್ಕ್‌ಟಾಪ್ ಚಿಪ್‌ಗಳದ್ದು. ಲ್ಯಾಪ್‌ಟಾಪ್ ಚಿಪ್‌ಗಳಿಗೆ ಅದು ತಟ್ಟಿಲ್ಲ ಎಂದು 2024ರಲ್ಲಿ ಇಂಟೆಲ್ ಹೇಳಿತ್ತು.

ಬದಲಿಸಿಕೊಡುವ ಅವಧಿ ಇನ್ನೂ ಮುಗಿದಿಲ್ಲವೇ ಎಂದು ಬಿಲ್ ತೆಗೆದು ನೋಡಿ. ಮುಗಿಯುವಂತಿದ್ದರೆ ಇವತ್ತೇ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ, ಪರೀಕ್ಷೆಯನ್ನು ರಾತ್ರಿ ಮಾಡಿದರಾಯಿತು.