ತಾರಸಿಯ ಮೇಲೆ ಹಸಿರು ಹಾಸು: ಓದುಗರ ಪ್ರಶ್ನೆ, ಕೃಷಿ ಬಳಗದ ಉತ್ತರ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಆರ್‌ಸಿಸಿ ಮನೆ. ತಾರಸಿಯ 10 ಅಡಿಗೆ 10 ಅಡಿ ಜಾಗದಲ್ಲಿ ಕುಂಡವಿಲ್ಲದೆ ನೇರವಾಗಿ ಮಣ್ಣು ಹರಡಿ ಗಿಡ ಬೆಳೆಸುವ ಆಸೆ. ಹೊಲದ ಕೆಂಪು ಮಣ್ಣು ಆದೀತೆ? ಸೋರುವ ಭಯವೂ ಇದೆ.

ಉತ್ತರ: ಬರೀ ಹೊಲದ ಮಣ್ಣು ಬೇಡ. 4 ಅಂಗುಲ ಹರಡಲು ಸುಮಾರು 930 ಲೀಟರ್ ಬೇಕು. ಮಳೆಯಲ್ಲಿ ನೆನೆದರೆ ಅದು ಒಂದೂಮುಕ್ಕಾಲು ಟನ್ನಿನ ಹತ್ತಿರ, ಅಂದರೆ ಚದರ ಮೀಟರಿಗೆ 180 ಕೆ.ಜಿ. ಓಡಾಡುವ ತಾರಸಿಗೆ ಐಎಸ್ 875 (ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ) ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕೆ.ಜಿ.; ಜನರ ಭಾರವೂ ಅದರಲ್ಲೇ ಬಂತು. ಹತ್ತು ಪಾಲಿನಲ್ಲಿ ನಾಲ್ಕು ಪಾಲು ಇಟ್ಟಿಗೆ ಚೂರು, ಮೂರು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರಡು ಕೆಂಪು ಮಣ್ಣು, ಒಂದು ಎರೆಗೊಬ್ಬರ ಬೆರೆಸಿದರೆ ನೆನೆದಾಗಲೂ ಭಾರ ಚದರ ಮೀಟರಿಗೆ ಸುಮಾರು 125 ಕೆ.ಜಿ.ಗೆ ಇಳಿಯುತ್ತದೆ. ಇದಕ್ಕೆ 5 ಕೆ.ಜಿ.ಯ ನಾಲ್ಕು ಕೋಕೋಪೀಟ್ ಇಟ್ಟಿಗೆ ಸಾಕು. ಅದನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಉಪ್ಪಿನಂಶ ಬೇರು ಸುಡುತ್ತದೆ. ಇಷ್ಟಾದರೂ ಭಾರ ಅಂಚಿನಲ್ಲೇ ಇದೆ; ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಮನೆಯ ನಕ್ಷೆ ತೋರಿಸದೆ ಒಂದು ಬುಟ್ಟಿ ಮಣ್ಣನ್ನೂ ಮೇಲಕ್ಕೆ ಹೊರಿಸಬೇಡಿ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಹಳೆಯ ಮದ್ರಾಸ್ ತಾರಸಿಯಾಗಿದ್ದರೆ ಈ ಯೋಚನೆಯನ್ನೇ ಕೈಬಿಡಿ.

ಸೋರುವುದು ಹೆಚ್ಚಾಗಿ ನಡುಮಧ್ಯೆ ಅಲ್ಲ, ಪ್ಯಾರಪೆಟ್ ಗೋಡೆಯ ಬುಡದಲ್ಲಿ ಮತ್ತು ನೀರು ಹೋಗುವ ಪೈಪಿನ ಸುತ್ತ. ನೂರಕ್ಕೆ ಒಂದರ ಇಳಿಜಾರು ಇರಲಿ. ವಾಟರ್‌ಪ್ರೂಫಿಂಗ್ ಲೇಪನವನ್ನು ಎರಡು ಬಾರಿ ಹಚ್ಚಿ, ಗೋಡೆಯ ಮೇಲೂ ಮಣ್ಣಿನ ಮಟ್ಟಕ್ಕಿಂತ 6 ಅಂಗುಲ ಎತ್ತರಕ್ಕೆ ಏರಿಸಿ. ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಒಂದೆರಡು ಅಂಗುಲ ನೀರು ನಿಲ್ಲಿಸಿ, 48 ಗಂಟೆ ಕೆಳಗಿನ ಸೀಲಿಂಗ್ ನೋಡುತ್ತಿರಿ. ಈ ಪರೀಕ್ಷೆ ಬಿಟ್ಟವರು ಆಮೇಲೆ ಇಡೀ ತೋಟವನ್ನೇ ಕಿತ್ತು ಸೋರಿಕೆ ಹುಡುಕಬೇಕಾಗುತ್ತದೆ. ಸೀಲಿಂಗ್ ಒಣಗಿಯೇ ಇದ್ದರೆ ಬೇರು ತಡೆಯುವ ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಅದರ ಮೇಲೆ ನೀರು ಹರಿಯಲು ಜಾಗ ಬಿಡುವ 20 ಮಿ.ಮೀ. ಪ್ಲಾಸ್ಟಿಕ್ ಡ್ರೈನ್ ಸೆಲ್, ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಮಣ್ಣು. ಪೈಪಿನ ಸುತ್ತ ಒಂದಡಿ ಜಾಗದಲ್ಲಿ ಬರೀ ಜಲ್ಲಿ. ಮೇಲೆ ಜಾಲರಿ ಇರಲಿ, ಕೈಹಾಕಿ ಶುಚಿ ಮಾಡುವಂತಿರಲಿ.

ಜೂನ್ ಮಳೆ ಹಿಡಿದಾಗ ನೆಡಿ. ಟೇಬಲ್ ರೋಸ್, ಗೋಣಿಸೊಪ್ಪು, ದೊಡ್ಡಪತ್ರೆ, ಲೋಳೆಸರ, ನಿತ್ಯಪುಷ್ಪ 4 ಅಂಗುಲದಲ್ಲೇ ಬಾಳುತ್ತವೆ. ಮಲ್ಲಿಗೆ, ದಾಸವಾಳಗಳಿಗೆ ಅದು ಸಾಲದು. ಹಕ್ಕಿ ಹಿಕ್ಕೆಯಿಂದ ಹುಟ್ಟುವ ಅರಳಿ, ಆಲದ ಸಸಿಯನ್ನು ಎರಡೆಲೆ ಇರುವಾಗಲೇ ಕೀಳಿ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಕೊಡಲೇಬೇಕು.

ಪ್ರಶ್ನೆ: ಮಂಡ್ಯದ ನಮ್ಮ ತಾರಸಿಯಲ್ಲಿ ಮಣ್ಣಿಗೆ ಕಬ್ಬಿನ ಸಿಪ್ಪೆ ಧಾರಾಳವಾಗಿ ಬೆರೆಸಿದ್ದೆವು. ವರ್ಷ ತುಂಬುವುದರಲ್ಲಿ ಹಾಸು ಕುಸಿದಿದೆ, ಎಲೆ ಹಳದಿಯಾಗಿದೆ, ನೀರು ನಿಲ್ಲುತ್ತಿದೆ.

ಉತ್ತರ: ಮೂರಕ್ಕೂ ಮೂಲ ಆ ಹಸಿ ಸಿಪ್ಪೆಯೇ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ, ಎಲೆ ಹಳದಿಯಾಗುತ್ತದೆ. ಕೊಳೆತು ಪುಡಿಯಾದಂತೆ ಹಾಸು ಕುಸಿಯುತ್ತದೆ; ಆ ಪುಡಿ ಮಣ್ಣಿನಡಿಯ ಜಿಯೋಟೆಕ್ಸ್‌ಟೈಲ್ ಬಟ್ಟೆಯ ರಂಧ್ರ ಕಟ್ಟುತ್ತದೆ, ನೀರು ನಿಲ್ಲುತ್ತದೆ. ಮೊದಲು ಪೈಪಿನ ಬಾಯಿ ಬಿಡಿಸಿ. ಅಷ್ಟಕ್ಕೂ ನೀರು ಇಳಿಯದಿದ್ದರೆ ಒಂದು ಮೂಲೆಯ ಮಣ್ಣು ಎತ್ತಿ ಬಟ್ಟೆ ನೋಡಿ. ಕಟ್ಟಿಕೊಂಡಿದ್ದರೆ ಬದಲಾಯಿಸುವುದೇ ಸರಿ. ಕುಸಿದ ಜಾಗಕ್ಕೆ ಇಟ್ಟಿಗೆ ಚೂರು ಹೆಚ್ಚಿರುವ ಮಿಶ್ರಣ ತುಂಬಿ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಬಳಸುವುದಾದರೆ ಪೂರ್ತಿ ಕಳಿತು, ಬಿಸಿ ಆರಿ, ಮಣ್ಣಿನ ವಾಸನೆ ಬಂದದ್ದು ಮಾತ್ರ, ಹತ್ತರಲ್ಲಿ ಒಂದು ಪಾಲು ಮೀರದಂತೆ.