ಚರ್ಮ ಬಿಗಿಗೊಳಿಸುವ ಚಿಕಿತ್ಸೆ: ತಾಯಿಗೆ ತಡವಾಯಿತೇ, ಮಗಳಿಗೆ ಬೇಗವೇ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇದು: “ನನಗೆ 58 ವರ್ಷ, ಪ್ರೌಢಶಾಲೆಯ ಶಿಕ್ಷಕಿ. ಮಗಳಿಗೆ 27, ಎರಡು ತಿಂಗಳಲ್ಲಿ ಮದುವೆ. ಅವಳೊಂದಿಗೆ ಸೌಂದರ್ಯ ಚಿಕಿತ್ಸೆಯ ಕೇಂದ್ರವೊಂದಕ್ಕೆ ಹೋಗಿದ್ದೆ. ‘ಈಗಲೇ ಸ್ಕಿನ್ ಟೈಟನಿಂಗ್ ಶುರು ಮಾಡಿದರೆ ಮುಖ ಎಂದೂ ಜೋಲುಬೀಳುವುದಿಲ್ಲ’ ಎಂದು ಅವಳಿಗೆ ಆರು ಸಿಟ್ಟಿಂಗ್‌ಗಳ ಪ್ಯಾಕೇಜ್ ಹೇಳಿದರು. ನನಗೆ ಮಾತ್ರ ‘ಐವತ್ತೈದು ದಾಟಿದವರಿಗೆ ಹಿಡಿಯುವುದಿಲ್ಲ’ ಎಂದರು. ನನ್ನ ಗದ್ದದ ಕೆಳಗೆ ಮತ್ತು ಕುತ್ತಿಗೆಯಲ್ಲಿ ಚರ್ಮ ಸಡಿಲವಾಗಿದೆ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈ ವಯಸ್ಸಿನಲ್ಲಿ ಇದನ್ನು ಕೇಳಲು ನಾಚಿಕೆಯೂ ಆಗುತ್ತದೆ.”

ಪ್ರಿಯ ಸಹೋದರಿ,

ನಾಚಿಕೆ ಬೇಡ. ಕೂದಲಿಗೆ ಬಣ್ಣ ಹಚ್ಚಿಕೊಳ್ಳುವವರನ್ನಾಗಲಿ, ಹಲ್ಲು ಕಟ್ಟಿಸಿಕೊಳ್ಳುವವರನ್ನಾಗಲಿ ನಾವು ಯಾರೂ ತಪ್ಪಾಗಿ ಕಾಣುವುದಿಲ್ಲ. ನಿಮ್ಮ ಮುಖದ ಬಗ್ಗೆ ನೀವು ಯೋಚಿಸುವುದೂ ಅಷ್ಟೇ ಸಹಜ. ನನ್ನನ್ನು ಕಳವಳಕ್ಕೀಡು ಮಾಡಿದ್ದು ನಿಮಗೂ ಮಗಳಿಗೂ ಸಿಕ್ಕ ಸಲಹೆ. ಇಬ್ಬರನ್ನೂ ಅವರು ಅಳೆದದ್ದು ಜನ್ಮದಿನಾಂಕದಿಂದ. ಈ ಚಿಕಿತ್ಸೆ ಯಾರಿಗೆ ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವುದು ಚರ್ಮ ಎಷ್ಟು ಸಡಿಲಗೊಂಡಿದೆ, ಹೊಸ ಕೊಲಾಜೆನ್ (ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್ ಎಳೆಗಳು) ಕಟ್ಟುವ ಶಕ್ತಿ ಅದರಲ್ಲಿ ಎಷ್ಟು ಉಳಿದಿದೆ, ಮತ್ತು ದೇಹದ ಉಳಿದ ಆರೋಗ್ಯ ಹೇಗಿದೆ ಎಂಬ ಮೂರು ಸಂಗತಿಗಳು.

ಶಸ್ತ್ರಚಿಕಿತ್ಸೆಯಿಲ್ಲದೆ ಚರ್ಮವನ್ನು ಬಿಗಿಗೊಳಿಸುವ ವಿಧಾನಗಳಲ್ಲಿ ಹೆಚ್ಚಿನವು ಶಾಖವನ್ನು ನಂಬಿವೆ. ರೇಡಿಯೋ ಫ್ರೀಕ್ವೆನ್ಸಿ ಯಂತ್ರದ ವಿದ್ಯುತ್ತು ಚರ್ಮದ ಒಳಪದರದಲ್ಲಿ ಹಾದುಹೋಗುವಾಗ ಅಲ್ಲಿ ಬಿಸಿ ಹುಟ್ಟುತ್ತದೆ. ಶಬ್ದತರಂಗಗಳನ್ನು ಸಣ್ಣ ಬಿಂದುಗಳಿಗೆ ಕೇಂದ್ರೀಕರಿಸುವ ಅಲ್ಟ್ರಾಸೌಂಡ್ ಯಂತ್ರವು 1.5, 3 ಮತ್ತು 4.5 ಮಿಲಿಮೀಟರ್ ಆಳದಲ್ಲಿ ಚುಕ್ಕೆ ಚುಕ್ಕೆಯಾಗಿ 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲನೆಯದಕ್ಕೆ 2002ರಲ್ಲಿ ಕಣ್ಣಿನ ಸುತ್ತಲ ಸುಕ್ಕಿಗೆಂದು, ಎರಡನೆಯದಕ್ಕೆ 2009ರಲ್ಲಿ ಹುಬ್ಬನ್ನು ಎತ್ತುವುದಕ್ಕೆಂದು ಅನುಮತಿ ನೀಡಿತು. ಬಿಸಿ ತಗುಲಿದ ಕೊಲಾಜೆನ್ ಎಳೆಗಳು ಆಗಲೇ ಸ್ವಲ್ಪ ಮುದುಡುತ್ತವೆ. ಆದರೆ ನಿಜವಾದ ಕೆಲಸ ನಡೆಯುವುದು ಆಮೇಲೆ: ದೇಹ ಇದನ್ನು ಸಣ್ಣ ಗಾಯವೆಂದು ತಿಳಿದು ಮೂರರಿಂದ ಆರು ತಿಂಗಳವರೆಗೆ ಹೊಸ ಕೊಲಾಜೆನ್ ನೇಯುತ್ತದೆ. ಯಂತ್ರ ಮಾಡುವುದು ಕೆಣಕುವ ಕೆಲಸ ಮಾತ್ರ, ಕಟ್ಟುವುದು ನಿಮ್ಮ ಚರ್ಮವೇ.

ವಯಸ್ಸಿನ ಪ್ರಶ್ನೆ ಬರುವುದು ಇಲ್ಲಿ. ಯೌವನ ಕಳೆದ ಮೇಲೆ ಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತದೆ, ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಸುಮಾರು ಶೇ. 30ರಷ್ಟು ಹೋಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವುದರಿಂದ ಐವತ್ತರ ಹೊತ್ತಿಗೆ ಅನೇಕರಿಗೆ ಚರ್ಮ ಇದ್ದಕ್ಕಿದ್ದಂತೆ ಸಡಿಲವಾದ ಹಾಗೆ ಅನ್ನಿಸುತ್ತದೆ. ಆದರೂ ಅದೇ ವಯಸ್ಸಿನ ಇಬ್ಬರು ಒಂದೇ ರೀತಿ ಇರುವುದಿಲ್ಲ. ಏಕೆ, ಒಂದೇ ಮೈಯಲ್ಲೂ ಚರ್ಮ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ಬೆಳಕಿಗೆ ನಿಂತು ರವಿಕೆಯ ತೋಳನ್ನು ನಾಲ್ಕು ಬೆರಳು ಮೇಲೆ ಸರಿಸಿ ನೋಡಿ: ಗೆರೆ ಎಳೆದಂತೆ, ಮೇಲಿನ ಚರ್ಮ ನಯವಾಗಿ, ತಿಳಿಯಾಗಿ ಇರುತ್ತದೆ, ಕೆಳಗಿನದು ಒರಟಾಗಿ, ಕಂದಿರುತ್ತದೆ. ಎರಡೂ 58 ವರ್ಷದವೇ. ನಡುವಿನ ವ್ಯತ್ಯಾಸ ಬಹುಪಾಲು ಬಿಸಿಲಿನದು. ಬಿಸಿಲಲ್ಲಿ ಬೆಂದ ಚರ್ಮ ನಲವತ್ತಕ್ಕೇ ಚಿಕಿತ್ಸೆಗೆ ಸರಿಯಾಗಿ ಓಗೊಡದೆ ಇರಬಹುದು, ನೆರಳಲ್ಲಿ ಉಳಿದದ್ದು ಅರವತ್ತಕ್ಕೂ ಓಗೊಡಬಹುದು. ಧೂಮಪಾನವೂ, ತೂಕ ಏರಿಳಿಯುವುದೂ ಇದೇ ರೀತಿ ಲೆಕ್ಕಕ್ಕೆ ಬರುತ್ತವೆ.

ಮಗಳ ವಿಷಯದಲ್ಲಿ ನನ್ನ ಮಾತು ನೇರವಾದದ್ದು: ಪ್ಯಾಕೇಜ್ ಬೇಡ. ಹೆರಿಗೆಯ ನಂತರವೋ, ಬಹಳ ತೂಕ ಇಳಿಸಿದ ನಂತರವೋ ಹೊಟ್ಟೆಯ ಚರ್ಮ ಸಡಿಲವಾಗಿದ್ದರೆ ಅದು ಬೇರೆ ಮಾತು. ಇಪ್ಪತ್ತೇಳರ ಆರೋಗ್ಯವಂತ ಮುಖದಲ್ಲಿ ಬಿಗಿಗೊಳಿಸುವುದಕ್ಕೆ ಏನೂ ಇರುವುದಿಲ್ಲ. ಈಗ ಮಾಡಿಸಿಕೊಂಡರೆ ಮುಂದೆ ಎಂದೂ ಜೋಲುಬೀಳದು ಎಂಬ ಮಾತಿಗೆ ಆಧಾರವಿಲ್ಲ. ಸರಿಯಾಗಿ ಫಲಿಸಿದ ಚಿಕಿತ್ಸೆಯ ಪರಿಣಾಮವೇ ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಮಾಸುತ್ತದೆ. ತೆಳ್ಳನೆಯ ಮುಖದಲ್ಲಿ ಅತಿಯಾದ ಶಾಖ ಕೆನ್ನೆಯ ಕೊಬ್ಬನ್ನೇ ಕರಗಿಸಿ ಗುಳಿ ಬೀಳಿಸುವ ಅಪಾಯವೂ ಉಂಟು. ಅವಳು ಮುಖಕ್ಕೆ ಏನು ಹಚ್ಚುತ್ತಾಳೆ ಎಂದು ಒಮ್ಮೆ ವಿಚಾರಿಸಿ. ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ಕೇಳಿ ತರುವ ಸ್ಟಿರಾಯ್ಡ್ ಮುಲಾಮುಗಳು ಎಳೆಯ ಚರ್ಮವನ್ನೂ ತೆಳುವಾಗಿಸುತ್ತವೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದ್ದರೂ ಈ ಚಾಳಿ ನಿಂತಿಲ್ಲ.

ಇನ್ನು ನಿಮ್ಮದು. ಐವತ್ತೆಂಟು ಎಂಬ ಕಾರಣಕ್ಕೇ ನಿಮ್ಮನ್ನು ತಳ್ಳಿಹಾಕುವುದು ತಪ್ಪು. ದವಡೆಯ ಗೆರೆ ಮಸುಕಾಗಿದ್ದರೆ, ಗದ್ದದ ಕೆಳಗಿನ ಚರ್ಮ ಸಡಿಲವಾಗಿದ್ದೂ ಮಡಿಕೆಯಾಗಿ ತೂಗುತ್ತಿಲ್ಲವಾದರೆ, ನೀವು ಇದಕ್ಕೆ ಹೊಂದುವವರೇ. ಮಡಿಕೆ ತೂಗುತ್ತಿದ್ದರೆ, ಅಥವಾ ಕುತ್ತಿಗೆಯಲ್ಲಿ ಮೇಲಿಂದ ಕೆಳಗೆ ಹಗ್ಗದಂತೆ ಸ್ನಾಯುಗಳು ಎದ್ದು ಕಾಣುತ್ತಿದ್ದರೆ, ಎಷ್ಟು ಸಿಟ್ಟಿಂಗ್ ಮಾಡಿಸಿದರೂ ಹಣ ಹೋದೀತೇ ಹೊರತು ಚರ್ಮ ಏರದು. ಅದು ಪ್ಲಾಸ್ಟಿಕ್ ಸರ್ಜನ್ನರೊಂದಿಗೆ ಮಾತಾಡಬೇಕಾದ ಹಂತ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಅದೊಂದೇ ಅಡ್ಡಿಯಾಗದು, ಆದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿಯನ್ನು ವೈದ್ಯರ ಮುಂದಿಡಿ. ಗಾಯ ಮಾಯುವುದು ನಿಧಾನವಾದವರಲ್ಲಿ ಕೊಲಾಜೆನ್ ಕಟ್ಟುವುದೂ ನಿಧಾನವೇ. ಪೇಸ್‌ಮೇಕರ್ ಇದ್ದವರಿಗೆ ರೇಡಿಯೋ ಫ್ರೀಕ್ವೆನ್ಸಿ ಕೂಡದು. ಬಸುರಿಯರು, ಆ ಜಾಗದಲ್ಲಿ ಸೋಂಕು ಅಥವಾ ಸರ್ಪಸುತ್ತು ಇದ್ದವರು ಕಾಯಬೇಕು. ಗಾಯದ ಕಲೆ ಉಬ್ಬಿ ಬೆಳೆಯುವ ಗುಣವಿದ್ದರೆ, ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರೆ, ಅವರು ಕೇಳದಿದ್ದರೂ ನೀವೇ ಹೇಳಿ.

ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮಕ್ಕೆ ಇನ್ನೊಂದು ಎಚ್ಚರ ಬೇಕು. ರೇಡಿಯೋ ಫ್ರೀಕ್ವೆನ್ಸಿ, ಅಲ್ಟ್ರಾಸೌಂಡ್ ಎರಡೂ ಚರ್ಮದ ಬಣ್ಣವನ್ನು ಹುಡುಕಿಕೊಂಡು ಹೋಗುವುದಿಲ್ಲವಾದ್ದರಿಂದ ಕೆಲವು ಲೇಸರ್‌ಗಳಿಗಿಂತ ನಮಗೆ ಸುರಕ್ಷಿತ. ಆದರೆ ಬೊಬ್ಬೆಯೆದ್ದರೆ ಅದು ಮಾಯ್ದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸೂಜಿಗಳ ಮೂಲಕ ಶಾಖ ಕೊಡುವ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಮೈಕ್ರೋನೀಡ್ಲಿಂಗ್‌ನಿಂದ ಸುಟ್ಟಗಾಯ, ಕಲೆ, ಕೊಬ್ಬಿನ ನಷ್ಟ, ನರದ ಹಾನಿ ಆದದ್ದುಂಟು ಎಂದು ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಸಿದೆ.

ನನ್ನ ಅಕ್ಕ 54ರಲ್ಲಿ ರೇಡಿಯೋ ಫ್ರೀಕ್ವೆನ್ಸಿ ಮಾಡಿಸಿಕೊಂಡಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಕೆನ್ನೆಯ ಮೇಲೆ ಗಣಿತದ ಪುಸ್ತಕದ ಚೌಕಳಿಯಂಥ ಗುರುತು ಒತ್ತಿ, ಬೆನ್ನಿಗೆ ಒಂದು ಪಟ್ಟಿ ಅಂಟಿಸಿ, ವೈದ್ಯರು ಒಂದೊಂದೇ ಚೌಕಕ್ಕೆ ಯಂತ್ರ ಒತ್ತುತ್ತ “ಬಿಸಿ ಎಷ್ಟು, ಸೊನ್ನೆಯಿಂದ ನಾಲ್ಕರೊಳಗೆ ಹೇಳಿ” ಎಂದು ಕೇಳುತ್ತಿದ್ದರು. ಅಕ್ಕ ಪ್ರತಿಸಲವೂ “ಎರಡು” ಎನ್ನುತ್ತಿದ್ದಳು, ಅವಳ ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಿತ್ತು. ಇಷ್ಟು ಹಣ ಕೊಟ್ಟ ಮೇಲೆ ಸಹಿಸಿಕೊಳ್ಳೋಣ ಎಂದು ಅವಳು ಭಾವಿಸಿದ್ದಳು. ಕಿವಿಯ ಮುಂದೆ ಒಂದು ಸಣ್ಣ ಬೊಬ್ಬೆ ಎದ್ದು, ಅದರ ಕಲೆ ಹೋಗಲು ಐದು ತಿಂಗಳು ಹಿಡಿಯಿತು. ಬಿಸಿ ಎಷ್ಟೆಂಬ ಆ ಪ್ರಶ್ನೆ ಬರೀ ಉಪಚಾರದ ಮಾತಲ್ಲ, ಚರ್ಮ ಸುಡದಂತೆ ಕಾಯುವುದೇ ನಮ್ಮ ಉತ್ತರ. ನೀವು ಮಾಡಿಸಿಕೊಳ್ಳುವುದಾದರೆ ದಯವಿಟ್ಟು ಸಹಿಸಿಕೊಳ್ಳಬೇಡಿ, ನೋವಾದರೆ ನೋವು ಎನ್ನಿ. ಫಲದ ಬಗ್ಗೆಯೂ ಹೇಳಬೇಕು: ನಾಲ್ಕನೆಯ ತಿಂಗಳಿಗೆ ಅವಳ ದವಡೆಯ ಗೆರೆ ತುಸು ಸ್ಪಷ್ಟವಾಯಿತು. ನೆರೆಹೊರೆಯವರು ಗುರುತಿಸಲಿಲ್ಲ, ಅವಳು ಗುರುತಿಸಿದಳು, ಅವಳಿಗೆ ಅಷ್ಟೇ ಸಾಕಾಗಿತ್ತು.

ಯಾರ ಬಳಿ ಹೋಗಬೇಕೆಂದರೆ, ಎಂ.ಡಿ. ಅಥವಾ ಡಿಪ್ಲೊಮಾ ಪಡೆದ ಚರ್ಮರೋಗ ತಜ್ಞರ ಬಳಿಗೆ. ಅವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಕ್ಲಿನಿಕ್ಕು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆದಿರಬೇಕು. ಯಂತ್ರ ಹಿಡಿಯುವವರು ಯಾರು ಎಂದು ಮುಂಚೆಯೇ ಕೇಳಿ. ಮುಟ್ಟಿ ಪರೀಕ್ಷಿಸುವ ಮೊದಲೇ ಪ್ಯಾಕೇಜ್ ದರ ಹೇಳುವವರಿಂದ ಎದ್ದು ಬನ್ನಿ. ಆರೋಗ್ಯ ವಿಮೆಯಿಂದ ಇದಕ್ಕೆ ಹಣ ಬರುವುದಿಲ್ಲ.

ಮದುವೆಗೆ ಎರಡೇ ತಿಂಗಳಿರುವಾಗ ನೀವೂ ಕೈ ಹಾಕಬೇಡಿ. ಫಲ ಕಾಣುವ ಹೊತ್ತಿಗೆ ಮದುವೆ ಮುಗಿದಿರುತ್ತದೆ, ಕಲೆಯೇನಾದರೂ ಆದರೆ ಫೋಟೋದಲ್ಲಿ ಉಳಿಯುವುದು ಅದೇ. ಇಬ್ಬರೂ ಇಂದಿನಿಂದ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಅನ್ನು ಮುಖಕ್ಕಷ್ಟೇ ಅಲ್ಲ, ಕುತ್ತಿಗೆಗೂ ರವಿಕೆಯ ಅಂಚಿನವರೆಗೂ ಹಚ್ಚಿಕೊಳ್ಳಿ. ರಾತ್ರಿಗೆ ರೆಟಿನಾಯ್ಡ್ (ವಿಟಮಿನ್ ಎ ವರ್ಗದ) ಮುಲಾಮು ಬೇಕೇ ಎಂದು ತಜ್ಞರನ್ನು ಕೇಳಿ. ಮಗಳು ಬಸುರಿಯಾಗುವ ಯೋಚನೆಯಲ್ಲಿದ್ದರೆ ಅದನ್ನು ಅವಳು ಮುಟ್ಟಬಾರದು. ಬೀಗರ ಔತಣವೆಲ್ಲ ಮುಗಿದು ಮನೆ ತಣ್ಣಗಾದ ಮೇಲೆ, ಸಕ್ಕರೆಯ ಹೊಸ ವರದಿ ಹಿಡಿದು ಹೋಗಿ, ಮೊದಲ ದಿನವೇ ಒಂದೇ ಬೆಳಕಿನಲ್ಲಿ ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಫೋಟೋ ತೆಗೆಸಿ ಒಂದು ಪ್ರತಿ ಇಟ್ಟುಕೊಳ್ಳಿ. ನಾಲ್ಕು ತಿಂಗಳ ನಂತರ ಅದೇ ಬೆಳಕಿನಲ್ಲಿ ಮತ್ತೊಂದು ತೆಗೆಸಿ ಹೋಲಿಸಿ ನೋಡಿ. ಎರಡನೆಯ ಸಿಟ್ಟಿಂಗ್ ಬೇಕೋ ಬೇಡವೋ ಎಂಬುದನ್ನು ಆಗ ತೀರ್ಮಾನಿಸಿದರೆ ಸಾಕು.

— ಸಂಪಾದಕಿ