ಡೊಂಬಿವಲಿಯ ಮಾಷ್ಟ್ರು ವಿಯೆಟ್ನಾಂಗೆ ಹೋಗಬಹುದೇ?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು ಡೊಂಬಿವಲಿಯವರು, ಹೆಸರು ಹಾಕಬೇಡಿ ಅಂದಿದ್ದಾರೆ. ವಯಸ್ಸು 61. ಹದಿಮೂರಕ್ಕೆ ಊರು ಬಿಟ್ಟು ಬಂದವರು. ಹಗಲು ಮುಂಬಯಿಯ ಫೋರ್ಟ್‌ನ ಹೋಟೆಲಿನಲ್ಲಿ ಮಾಣಿ ಕೆಲಸ, ರಾತ್ರಿ ಕನ್ನಡ ಶಾಲೆ. ಹಾಗೆಯೇ ಎಸ್ಸೆಸ್ಸಿ, ಬಿ.ಎ. ಮುಗಿಸಿ ಬ್ಯಾಂಕ್ ಸೇರಿದರು. ದಿನಾ ಸಂಜೆ ಬ್ಯಾಂಕ್ ಕೆಲಸ ಮುಗಿದ ಮೇಲೆ ಮನೆಗೆ ಹೋಗದೆ, ತಾವು ಕಲಿತ ರಾತ್ರಿ ಶಾಲೆಯಲ್ಲೇ 19 ವರ್ಷ ಇಂಗ್ಲಿಷ್ ಪಾಠ ಮಾಡಿದರು. ಈಗ ನಿವೃತ್ತಿ. ವಿಯೆಟ್ನಾಂಗೆ ಹೋಗಿ ಇಂಗ್ಲಿಷ್ ಕಲಿಸಬೇಕು ಅನ್ನುವ ಆಸೆ ಹತ್ತಿದೆ. ಹೆಂಡತಿ ಜೊತೆಗೆ ಬರಲು ಒಪ್ಪಿದ್ದಾರೆ. ಪುಣೆಯಲ್ಲಿರುವ ಮಗ ಮಾತ್ರ, "ಅಪ್ಪಾ, ಅಲ್ಲಿಯವರಿಗೆ ಬಿಳಿಯರೇ ಬೇಕು. ನಿಮ್ಮ ಇಂಗ್ಲಿಷ್ ಯಾರು ಕೇಳ್ತಾರೆ? ಸುಮ್ನೆ ಇಲ್ಲಿಗೆ ಬಂದು ಮೊಮ್ಮಗುವಿನ ಜೊತೆ ಇರಿ" ಅಂದನಂತೆ. ಡಿಗ್ರಿ ಸರ್ಟಿಫಿಕೇಟನ್ನೇ ವಿಶ್ವವಿದ್ಯಾಲಯದಿಂದ ತಂದಿಲ್ಲ, ಮಾರ್ಕ್‌ಶೀಟ್ ಇದ್ದರೆ ಸಾಕೇ ಎಂದೂ ಕೇಳಿದ್ದಾರೆ. ಕೊನೆಯ ಸಾಲು: "ಇದು ಹುಚ್ಚೋ, ನೀವೇ ಹೇಳಿ."

ಹುಚ್ಚಲ್ಲ ಮಾಷ್ಟ್ರೇ. ಹೊರಡಿ.

ಮಗನ ಆತಂಕಕ್ಕೆ ಕಾರಣವೇ ಇಲ್ಲ ಅಂತಲ್ಲ. ಇಲ್ಲಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಚೀನಾದಂಥ ಕಡೆ 60 ದಾಟಿದವರಿಗೆ ಕೆಲಸದ ಪರವಾನಗಿ ಸಿಗುವುದು ಕಷ್ಟ. ಏಜೆಂಟರ ವಿಷಯದಲ್ಲಂತೂ ಎಚ್ಚರ ಬೇಕೇ ಬೇಕು. ನನ್ನ ಪರಿಚಯದವರೊಬ್ಬರನ್ನು ಒಬ್ಬ ಏಜೆಂಟ್ ಟೂರಿಸ್ಟ್ ವೀಸಾದಲ್ಲಿ ಕಳಿಸಿ, ಫೋನ್ ಎತ್ತುವುದನ್ನೇ ಬಿಟ್ಟ. ಅವರು ತಮ್ಮ ದುಡ್ಡಿನಲ್ಲೇ ಟಿಕೆಟ್ ಮಾಡಿಸಿ ವಾಪಸ್ ಬಂದರು. ಇಷ್ಟರ ಮಟ್ಟಿಗೆ ಮಗನ ಆತಂಕವನ್ನು ಒಪ್ಪಿಕೊಳ್ಳೋಣ.

ಆದರೆ "ನಿಮ್ಮ ಇಂಗ್ಲಿಷ್ ಯಾರು ಕೇಳ್ತಾರೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನೂ ರಾತ್ರಿ ಶಾಲೆಯ ಹುಡುಗ. ಎಂಟು ಗಂಟೆಯ ಕ್ಲಾಸಿಗೆ ನಾವು ಬರುವಾಗ ಕೈಯಲ್ಲಿ ಇನ್ನೂ ಸಾಂಬಾರಿನ ವಾಸನೆ ಇರುತ್ತಿತ್ತು. ಒಂದು ದಿನ ನಾನು ಬೋರ್ಡಿನ ಮೇಲೆ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಎಂದು ಬರೆದೆ. ಮಾಷ್ಟ್ರು ಬೈಯಲಿಲ್ಲ. "ಊಟ ಆಗಿದೆಯಾ?" ಎಂದು ಕೇಳಿದರು. ಆಗಿದೆ ಸರ್ ಅಂದೆ. "ನಿನ್ನೆ ಊಟ ಮಾಡಿದೆಯಾ?" ಮಾಡಿದೆ ಸರ್. "ಮೊದಲನೆಯದು ಈಗಿನ ಹೊಟ್ಟೆಯ ಸುದ್ದಿ, ಅಲ್ಲಿ ಹ್ಯಾವ್. ಎರಡನೆಯದು ಮುಗಿದುಹೋದ ಕತೆ. ನಿನ್ನೆ ಬಂದ ಕೂಡಲೇ ಹ್ಯಾವ್ ಎದ್ದು ಹೋಗಬೇಕು." ಬೆರಳಿನಿಂದಲೇ ಹ್ಯಾವ್ ಅನ್ನು ಒರೆಸಿ, ಸೀನ್ ಅನ್ನು ಸಾ ಎಂದು ತಿದ್ದಿದರು. ಅವರ ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಆ ತಪ್ಪನ್ನು ನಾನು ಮಾಡಿಲ್ಲ.

ಹುಟ್ಟಿನಿಂದ ಇಂಗ್ಲಿಷ್ ಆಡಿದವನಿಗೆ ಈ ಗಂಟು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ, ಅವನು ಅದನ್ನು ಬಿಚ್ಚಿದವನೇ ಅಲ್ಲ. ನೋಡಿ, ಕನ್ನಡದಲ್ಲಿ "ದಿ" ಅನ್ನುವ ಪದವೇ ಇಲ್ಲ. ಜಪಾನಿ, ಕೊರಿಯನ್, ಥಾಯ್ ಭಾಷೆಗಳಲ್ಲೂ ಇಲ್ಲ. ಜಪಾನಿ ಮತ್ತು ಕೊರಿಯನ್‌ನಲ್ಲಿ ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ ಬರುತ್ತದೆ. ವಿಯೆಟ್ನಾಂ ಭಾಷೆಯಲ್ಲಿ ನಿನ್ನೆಗೂ ನಾಳೆಗೂ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಅಲ್ಲಿಯ ಹುಡುಗ ಗೋ, ವೆಂಟ್, ಗಾನ್ ನೋಡಿ ಕಂಗಾಲಾದಾಗ, ಫೋರ್ಟ್‌ನ ಬೆಂಚಿನ ಮೇಲೆ ಕೂತು ನೀವೂ ಹಾಗೆಯೇ ಕಂಗಾಲಾಗಿದ್ದಿರಿ, ಅಲ್ವಾ? ಆ ನೆನಪಿಗಿಂತ ದೊಡ್ಡ ಬಂಡವಾಳ ಮೇಷ್ಟ್ರಿಗೆ ಬೇಕಾಗಿಲ್ಲ. ಇಂಗ್ಲಿಷ್ ವ್ಯಾಕರಣವನ್ನು ಏಳು ಸಂಪುಟಗಳಲ್ಲಿ ಬರೆದ ಒಟ್ಟೊ ಯೆಸ್ಪರ್ಸನ್ ಡೆನ್ಮಾರ್ಕಿನವರು. ನಮ್ಮ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು, ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಇಂಗ್ಲಿಷ್ ಮೇಷ್ಟ್ರುಗಳಿಗೇ ಪಾಠ ಹೇಳಿಕೊಡುವ ಸಂಸ್ಥೆ ಅದು. ಅವರ ಮನೆಮಾತು ಯಾವುದು ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಈಗ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ದಕ್ಷಿಣ ಕೊರಿಯಾದ ಭಾಷಾ ಬೋಧಕರ ವೀಸಾ ಮುಖ್ಯವಾಗಿ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಪಾಸ್‌ಪೋರ್ಟ್ ನೋಡಿ ಮೇಷ್ಟ್ರನ್ನು ಆರಿಸಿದರೆ ಪಾಠ ಹೇಗಿದೆ ಅಂತ ನೋಡುವವರು ಯಾರು? ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಹೈಲೆ ಸೆಲಾಸಿ ಚಕ್ರವರ್ತಿಯಾಗಿದ್ದ ಕಾಲದಲ್ಲಿ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದ ಮೇಷ್ಟ್ರುಗಳು ದೊಡ್ಡ ಸಂಖ್ಯೆಯಲ್ಲಿ ಇದ್ದರು. ಭೂತಾನದ ಶಾಲೆಗಳನ್ನು ಕಟ್ಟಿದವರಲ್ಲಿ ನಮ್ಮವರಿದ್ದಾರೆ. ಮಾಲ್ಡೀವ್ಸ್‌ನ ಸಣ್ಣಪುಟ್ಟ ದ್ವೀಪಗಳಲ್ಲಿ ಇವತ್ತಿಗೂ ಭಾರತದ ಮೇಷ್ಟ್ರು, ಟೀಚರುಗಳು ಪಾಠ ಮಾಡುತ್ತಿದ್ದಾರೆ.

ವಯಸ್ಸಿನ ಮಾತಿಗೆ ಬರೋಣ. ನೀವು ಇಷ್ಟು ವರ್ಷ ಸೆಂಟ್ರಲ್ ಲೈನಿನ ಲೋಕಲ್ ರೈಲಿನಲ್ಲಿ ಓಡಾಡಿದ್ದೀರಿ, ವಿಕ್ರೋಲಿ ದಾಟದ ದಿನ ಇಲ್ಲ. ಅಲ್ಲಿಯ ಗೋದ್ರೆಜ್ ಕಾಲೊನಿಗೆ 1966ರ ಕೊನೆಗೆ ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕದ ಪೀಸ್ ಕೋರ್‌ನಿಂದ ಒಬ್ಬ ನರ್ಸ್ ಬಂದರು. ಆಗ ಅವರಿಗೆ 68 ವರ್ಷ. ಸುಮಾರು ಎರಡು ವರ್ಷ ಇದ್ದು, ಕಾರ್ಮಿಕರ ಕುಟುಂಬಗಳ ನಡುವೆ ಕೆಲಸ ಮಾಡಿದರು. ಹೆಸರು ಲಿಲಿಯನ್ ಕಾರ್ಟರ್. ಅವರ ಮಗ ಜಿಮ್ಮಿ 1977ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಪೀಸ್ ಕೋರ್‌ಗೆ ಇಂದಿಗೂ ಮೇಲಿನ ವಯೋಮಿತಿ ಇಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಯಿಂದ ವಿಕ್ರೋಲಿಗೆ 68ರಲ್ಲಿ ಬರಬಹುದಾದರೆ, ಡೊಂಬಿವಲಿಯಿಂದ ವಿಯೆಟ್ನಾಂಗೆ 61ರಲ್ಲಿ ಯಾಕೆ ಹೋಗಬಾರದು?

ಇನ್ನೊಂದು ಮಾತು, ಇದನ್ನು ಮಗನಿಗೂ ಓದಿ ಹೇಳಿ. ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ನಿವೃತ್ತಿ ಅಂದರೆ ಮೊಮ್ಮಕ್ಕಳ ಕಾವಲು ಅಂತ ಆಗಿಬಿಟ್ಟಿದೆ. ಮೊಮ್ಮಕ್ಕಳು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ 19 ವರ್ಷ ಇಂಗ್ಲಿಷ್ ಕಲಿಸಿದ ಅಜ್ಜ ಮನೆಯಲ್ಲೇ ಕೂತಿರುವಾಗ ಮಗುವನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸುತ್ತಾರೆ. ಅಜ್ಜನ ಉಚ್ಚಾರ ಬಂದುಬಿಟ್ಟೀತು ಅನ್ನುವ ಭಯ! ಅತ್ತ ಅಜ್ಜನ ಕನ್ನಡವೂ ಆ ಮಗುವಿಗೆ ಬರುವುದಿಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಬರಿದಾದವು, ರಾತ್ರಿ ಶಾಲೆಗಳಲ್ಲಿ ಬೆಂಚು ಖಾಲಿ. ಇಡೀ ಒಂದು ತಲೆಮಾರಿಗೆ ಕನ್ನಡದ ಕೈಹಿಡಿದು ಇಂಗ್ಲಿಷಿಗೆ ಕರೆದೊಯ್ದ ಮಾಷ್ಟ್ರುಗಳು ಈಗ ಬಾಲ್ಕನಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಅವರನ್ನು ಕರೆದು ಒಂದು ಗಂಟೆ ಪಾಠ ಮಾಡಿ ಅಂದ ಸಂಘ ಯಾವುದಿದೆ? ನಮಗೆ ಬೇಡವಾದದ್ದು ಇನ್ನೊಂದು ಊರಿಗೆ ಬೇಕಾಗಿದ್ದರೆ ಅಲ್ಲಿಗೆ ಹೋಗುವುದರಲ್ಲಿ ತಪ್ಪೇನು?

ನಿಮ್ಮ ಮೇಲೂ ನನಗೊಂದು ದೂರಿದೆ. "ನನ್ನದು ರಾತ್ರಿ ಶಾಲೆಯ ಇಂಗ್ಲಿಷ್, ಕ್ಷಮಿಸಿ" ಎಂದು ಬರೆದಿದ್ದೀರಿ. ಕ್ಷಮೆ ಯಾಕೆ? ಅರ್ಜಿಯಲ್ಲಿ ಅದನ್ನೇ ಮೊದಲ ಸಾಲಾಗಿ ಬರೆಯಿರಿ.

ಇನ್ನು ಕೆಲಸದ ಮಾತು. ಬರೀ ಅನುಭವ ಸಾಲದು, ಸರ್ಟಿಫಿಕೇಟ್ ಕೇಳುತ್ತಾರೆ. ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸ್ ಕನಿಷ್ಠ 120 ಗಂಟೆಯದು, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು. ಅದಕ್ಕೂ ಮೇಲಿನ ವಯೋಮಿತಿ ಇಲ್ಲ. ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಿ. ಕೆಲಸದ ಪರವಾನಗಿಯ ಕಾಗದ ಕೈಗೆ ಬರದೆ, ಆಮೇಲೆ ಮಾಡಿಕೊಡ್ತೇವೆ ಅನ್ನುವವರನ್ನು ನಂಬಿ ವಿಮಾನ ಹತ್ತಬೇಡಿ. ಪಿಂಚಣಿಯ ಚಿಂತೆ ಬಿಡಿ, ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಅಲ್ಲಿಯ ನಮ್ಮ ರಾಯಭಾರ ಕಚೇರಿಯ ಮೂಲಕವೂ ಕೊಡಬಹುದು.

ಮಾರ್ಕ್‌ಶೀಟ್ ಮಾತ್ರ ಸಾಲದು ಮಾಷ್ಟ್ರೇ. ಅಲ್ಲಿಯವರಿಗೆ ಮೂಲ ಪದವಿ ಪತ್ರವೇ ಬೇಕು, ಅದಕ್ಕೆ ಇಲ್ಲಿಯ ಸರ್ಕಾರದ ಮುದ್ರೆಯೂ ಬೀಳಬೇಕು. ಸೋಮವಾರವೇ ಕುರ್ಲಾದಲ್ಲಿ ಇಳಿದು ಕಲೀನಾದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೋಗಿ. ಪರೀಕ್ಷೆಯ ಹಳೆಯ ಸೀಟ್ ನಂಬರ್ ಬರೆದಿಟ್ಟುಕೊಂಡಿರಿ.